ಕಾರ್ಸಿಕಾದ ಬೆಟ್ಟದ ಹಳ್ಳಿಗಳಿಗೆ ಸೈಕಲ್ ದಾರಿ

ಪ್ರಶ್ನೆ: ನನಗೆ 52 ವರ್ಷ. ಮುಳ್ಳಯ್ಯನಗಿರಿ, ಚಾರ್ಮಾಡಿ ಘಾಟಿಗಳನ್ನು ರೋಡ್ ಬೈಕ್‌ನಲ್ಲಿ ಹತ್ತಿದ್ದೇನೆ. ಮಗಳು ಫ್ರಾನ್ಸ್‌ನ ಮಾರ್ಸೇಯಲ್ಲಿ ಓದುತ್ತಿದ್ದಾಳೆ. ಜೂನ್‌ನಲ್ಲಿ ಅಲ್ಲಿಗೆ ಹೋದಾಗ ಕಾರ್ಸಿಕಾ ದ್ವೀಪದಲ್ಲಿ ನಾಲ್ಕೈದು ದಿನ ಸೈಕಲ್ ಹೊಡೆಯುವ ಆಸೆ. ಕಡಲ ದಂಡೆ ಬೇಡ, ಒಳಗಿನ ಹಳ್ಳಿಗಳನ್ನು ನೋಡಬೇಕು. ಯಾವ ದಾರಿ ಹಿಡಿಯಲಿ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಒಳಗಿನ ಹಳ್ಳಿಗಳು ಅಂದಿರಲ್ಲ, ಓದಿ ತುಂಬಾ ಖುಷಿಯಾಯಿತು. 2013ರಲ್ಲಿ ನೂರನೆಯ ಟೂರ್ ಡಿ ಫ್ರಾನ್ಸ್ ಈ ದ್ವೀಪದಿಂದಲೇ ಶುರುವಾಗಿತ್ತು. ಅದರಲ್ಲಿ ಹೆಚ್ಚಿನವರ ಕಣ್ಣಲ್ಲಿ ಉಳಿದದ್ದು ಕಡಲ ರಸ್ತೆ. ನಾನು ಹೇಳುವ ದಾರಿಯಲ್ಲಿ ಮೊದಲ ದಿನದ ಕಡಲ ರಸ್ತೆಯಲ್ಲಿ ಆ ರೇಸ್ ಹೋಗಿತ್ತು, ಎರಡನೇ ದಿನದ ಬೆಟ್ಟದ ಏರಿಗೆ ಬರಲೇ ಇಲ್ಲ.

ಮಾರ್ಸೇಯಿಂದ ರಾತ್ರಿ ಹಡಗು ಹತ್ತಿ, ಬೆಳಿಗ್ಗೆ ಅಜಾಕ್ಸಿಯೊದಲ್ಲಿ ಇಳಿಯಿರಿ. ಮೊದಲ ದಿನ ಪಿಯಾನಾ ಮೇಲೆ ಪೋರ್ತೊ ತಲುಪಿ. ಪಿಯಾನಾದ ಕೆಂಪು ಬಂಡೆಗಳ ನಡುವೆ ರಸ್ತೆ ಇಕ್ಕಟ್ಟು, ಟೂರಿಸ್ಟ್ ಬಸ್ಸುಗಳೂ ಬರುತ್ತವೆ. ಅಲ್ಲಿ ಆತುರ ಬೇಡ.

ನಿಜವಾದ ದಾರಿ ಎರಡನೇ ದಿನದ್ದು. ಪೋರ್ತೊ ಇರುವುದು ಕಡಲ ಮಟ್ಟದಲ್ಲಿ. ಅಲ್ಲಿಂದ ವರ್ಜಿಯೊ ಕಣಿವೆಗೆ, ಅಂದರೆ ರಸ್ತೆ ಬೆಟ್ಟಸಾಲು ದಾಟುವ ನೆತ್ತಿಗೆ, ಸುಮಾರು 34 ಕಿ.ಮೀ. ಏರು, ಎತ್ತರ 1477 ಮೀಟರ್. ದ್ವೀಪದ ಟಾರು ರಸ್ತೆಯ ಕಣಿವೆಗಳಲ್ಲಿ ಇದೇ ಎತ್ತರದ್ದು. ಹೆದರಬೇಡಿ. ಮುಳ್ಳಯ್ಯನಗಿರಿ ಹತ್ತಿದ ಕಾಲಿಗೆ ಈ ಏರು ಕಡಿದಲ್ಲ, ಉದ್ದ ಅಷ್ಟೇ. ಮೊದಲ ಹತ್ತು ಕಿ.ಮೀ. ಚಿಕ್ಕ ಗೇರಿನಲ್ಲಿ ಸುಮ್ನೆ ಕೂತು ತುಳಿಯಿರಿ.

ಎವಿಸಾ ಊರು ದಾಟುವ ಮುಂಚೆ ಬ್ರೆಡ್, ಚೀಸ್, ಹಣ್ಣು ಕಟ್ಟಿಸಿಕೊಳ್ಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ನಾನು ಹೋದಾಗ ಮುಂದಿನ ಊರಿನಲ್ಲಿ ತಗೊಂಡರಾಯಿತು ಅಂದುಕೊಂಡು ಬರಿಗೈಲಿ ಹತ್ತಿದೆ. ಕಣಿವೆ ಇಳಿದು ಮೊದಲ ಅಂಗಡಿ ಸಿಗುವಾಗ ಮಧ್ಯಾಹ್ನ ಒಂದು ಗಂಟೆ, ಬಾಗಿಲು ಹಾಕಿತ್ತು. ಊಟದ ಹೊತ್ತಿಗೆ ಹಳ್ಳಿ ಅಂಗಡಿ ಮುಚ್ಚುವುದು ಅಲ್ಲಿನ ವಾಡಿಕೆ. ಕೈ ನಡುಗುತ್ತಿತ್ತು. ಎದುರು ಮನೆಯ ಅಜ್ಜಿ ಕಿಟಕಿಯಿಂದ ನೋಡಿ, ಏನೂ ಕೇಳದೆ ಒಂದು ತುಂಡು ಬ್ರೆಡ್ಡು, ಮೇಲೆ ಅಂಜೂರದ ಜಾಮ್ ಹಚ್ಚಿ ತಂದುಕೊಟ್ಟರು. ನಾನು ತಿನ್ನುವಷ್ಟು ಹೊತ್ತೂ ಸೈಕಲ್ ಹ್ಯಾಂಡಲ್ ಹಿಡಿದುಕೊಂಡೇ ನಿಂತಿದ್ದರು. ಆ ಬ್ರೆಡ್ಡಿನ ರುಚಿ ಇವತ್ತಿಗೂ ನಾಲಿಗೆ ಮೇಲಿದೆ.

ಎವಿಸಾದ ಮೇಲೆ ಐತೋನೆ ಕಾಡು. ಲಾರಿಚೊ ಅನ್ನುವ ಪೈನ್ ಮರಗಳು, ನೆಟ್ಟಗೆ ಕಂಬದ ಹಾಗೆ. ಆಮೇಲೆ ಹಂದಿಗಳು. ಇವು ಸಾಕಿದ ಹಂದಿಗಳೇ, ಕಾಡಿಗೆ ಬಿಟ್ಟಿರುತ್ತಾರೆ. ಕಣಿವೆಗೆ ಎರಡು ಕಿ.ಮೀ. ಇದ್ದಾಗ ಒಂದು ತಾಯಿ ಹಂದಿ, ನಾಲ್ಕು ಮರಿ, ಬಿಸಿ ಟಾರಿನ ಮೇಲೆ ಅಡ್ಡಡ್ಡ ಮಲಗಿದ್ದವು. ಕಾಲು ಕೆಳಗಿಟ್ಟು ನಿಂತೆ. ತಾಯಿ ಎದ್ದು ಬಂದು ಮುಂದಿನ ಟೈರನ್ನು ಒದ್ದೆ ಮೂಗಿನಿಂದ ಮೂಸಿ ನೋಡಿತು. ಆಮೇಲೆ ನಿಧಾನಕ್ಕೆ ಪಕ್ಕಕ್ಕೆ ಸರಿಯಿತು. ಹತ್ತುವಾಗ ಇದು ಚೆಂದ. ಇಳಿಯುವಾಗ ತಿರುವಿನ ಆಚೆ ಇದೇ ಸಂಸಾರ ಮಲಗಿದ್ದರೆ ಅಪಾಯ. ಹಾಗಾಗಿ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಲ್ಲಿಸಲಾಗುವ ವೇಗದಲ್ಲೇ ಇಳಿಯಿರಿ. ಬ್ರೇಕ್ ಪ್ಯಾಡ್ ಹೊಸದು ಹಾಕಿಸಿಕೊಂಡೇ ಹೋಗಿ.

ಕಣಿವೆಯ ಆಚೆ ನಿಯೊಲೊ ಸೀಮೆ. ಕುರಿ, ಮೇಕೆ ಕಾಯುವವರ ನಾಡು. ದ್ವೀಪದ ಅತಿ ಎತ್ತರದ ಶಿಖರ ಮೊಂಟೆ ಚಿಂಟೊ, 2706 ಮೀಟರ್, ಇಲ್ಲೇ ಕಾಣುತ್ತದೆ. ಕಲಾಕುಚ್ಚಾ ಕೆರೆಯ ದಂಡೆಯಲ್ಲಿ ಕಸಮಚ್ಚೋಲಿ ಎಂಬ ಪುಟ್ಟ ಊರಿದೆ. ಸೆಪ್ಟೆಂಬರ್ 8ಕ್ಕೆ ಅಲ್ಲಿ ದೊಡ್ಡ ಜಾತ್ರೆ. ಇಬ್ಬರು ಎದುರುಬದುರು ನಿಂತು ಆ ಕ್ಷಣಕ್ಕೆ ಪದ ಕಟ್ಟಿ ಹಾಡಿನಲ್ಲೇ ಸವಾಲು ಜವಾಬು ನಡೆಸುತ್ತಾರೆ. ಸೆಪ್ಟೆಂಬರ್‌ನಲ್ಲಿ ಹೋಗುವಂತಿದ್ದರೆ ಬಿಡಬೇಡಿ. ಕೆರೆ ದಾಟಿದ ಮೇಲೆ ಸಾಂತಾ ರೆಜಿನಾ ಕಮರಿ, ಎರಡೂ ಕಡೆ ಕಲ್ಲಿನ ಗೋಡೆ. ಅದರಿಂದ ಹೊರಬಿದ್ದು ಕೊರ್ತೆ ಸೇರಿದರೆ ಆ ದಿನಕ್ಕೆ ಸುಮಾರು 85 ಕಿ.ಮೀ. ಸಾಕು, ಜಾಸ್ತಿ ಬೇಡ.

ಮೂರು, ನಾಲ್ಕನೇ ದಿನ ಕಸ್ತಾನಿಚ್ಚಾ ಸೀಮೆಗೆ ಕೊಡಿ. ಹೆಸರೇ ಚೆಸ್ಟ್‌ನಟ್ ಮರದಿಂದ ಬಂದದ್ದು. ಮೊರೊಸಾಲ್ಯಾ, ಲಾ ಪೋರ್ತಾ, ಪಿಯೆದಿಕ್ರೋಚೆ, ಈ ಸಾಲಿನಲ್ಲಿ ಹೋಗಿ. ಮೊರೊಸಾಲ್ಯಾದಲ್ಲಿ ಪಾಸ್ಕ್ವಾಲೆ ಪಾವೊಲಿ ಹುಟ್ಟಿದ ಮನೆಯಿದೆ. 1755ರಿಂದ 1769ರವರೆಗೆ ಕಾರ್ಸಿಕಾ ಸ್ವತಂತ್ರವಾಗಿದ್ದಾಗ ಅದನ್ನು ಮುನ್ನಡೆಸಿದವನು ಇವನು, ರಾಜಧಾನಿ ನೀವು ಹಿಂದಿನ ರಾತ್ರಿ ಉಳಿದ ಕೊರ್ತೆ. ಇಲ್ಲಿ ರಸ್ತೆ ಕಿರಿದು, ಅಲ್ಲಲ್ಲಿ ಕಿತ್ತುಹೋಗಿರುತ್ತದೆ. 28 ಎಂ.ಎಂ. ಟೈರ್ ಇರಲಿ, ಎರಡು ಟ್ಯೂಬ್ ಜೊತೆಗಿರಲಿ. ಎಷ್ಟೋ ಮನೆಗಳ ಬಾಗಿಲು ಮುಚ್ಚಿದೆ, ಜನ ಪಟ್ಟಣಕ್ಕೆ ಹೋಗಿದ್ದಾರೆ. ಉಳಿದವರಿಗೆ ‘ಬೊಂಜೂರ್’ ಬದಲು ಅವರ ಮಾತಿನಲ್ಲೇ ‘ಬೊಂಜೋರ್ನು’ ಅನ್ನಿ. ಮುಖ ಅರಳುತ್ತದೆ.

ಐದನೇ ದಿನ ಬಸ್ತಿಯಾಕ್ಕೆ ಇಳಿದು ಹಡಗು ಹತ್ತಿ.

ಪ್ರಶ್ನೆ: ಇಂಥ ಊರುಗಳಲ್ಲಿ ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸಿಗುತ್ತದೆ, ಕೇಳಿ ತಿನ್ನಬೇಕು. ಸೊಪ್ಪಿನ ಸೂಪಿಗೂ ಹಂದಿ ಮೂಳೆ ಹಾಕಿ ಕುದಿಸುವುದುಂಟು. ಬ್ರೊಚ್ಚು ಎಂಬ ಮೆತ್ತನೆ ಚೀಸ್ ಕುರಿ, ಮೇಕೆ ಹಾಲಿನದು. ಚಳಿಗಾಲದಿಂದ ಜೂನ್‌ವರೆಗೆ ತಾಜಾ ಇರುತ್ತದೆ. ಇನ್ನೊಂದು, ಪುಲೆಂದಾ. ಕುದಿಯುವ ನೀರಿಗೆ ಚೆಸ್ಟ್‌ನಟ್ ಹಿಟ್ಟು ಹಾಕಿ, ಕೋಲಿನಿಂದ ಗಂಟಿಲ್ಲದ ಹಾಗೆ ತಿರುವಿ, ಹಿಟ್ಟು ಉದುರಿಸಿದ ಬಟ್ಟೆ ಮೇಲೆ ಮಗುಚುತ್ತಾರೆ. ಥೇಟ್ ನಮ್ಮ ಮುದ್ದೆ, ಅಲ್ವಾ? ಬಣ್ಣವೂ ಕಂದು. ಆದರೆ ರುಚಿ ಸ್ವಲ್ಪ ಸಿಹಿ, ಕೈಯಲ್ಲಿ ಮುರಿಯದೆ ದಾರದಿಂದ ಕೊಯ್ಯುತ್ತಾರೆ. ಒಂದು ತುಂಡು ತಿಂದು ಏರು ಶುರು ಮಾಡಿದರೆ ಎರಡು ಗಂಟೆ ಹಸಿವಿನ ಯೋಚನೆ ಇರುವುದಿಲ್ಲ.