ಗಣತಿಯವರಿಗೆ ಮನೆಮಂದಿಯ ವಿವರ ಕೊಟ್ಟರೆ ನಮ್ಮೂರಿಗೆ ಏನು ಸಿಗುತ್ತೆ?

ಜನಗಣತಿ ದಿಲ್ಲಿಯವರ ಲೆಕ್ಕ, ಅದರಿಂದ ನಮ್ಮ ಹಳ್ಳಿಗೇನು ಅಂತ ಕೇಳಿದ್ದೀರಿ. ನಾನು ಶಾಲೆ ಮೇಷ್ಟ್ರು. 2011ರ ಫೆಬ್ರುವರಿಯಲ್ಲಿ ಜಗಳೂರು ತಾಲ್ಲೂಕಿನ ಒಂದು ತಾಂಡಾದಲ್ಲಿ ಗಣತಿ ಬರೆದವನು.

ಒಂದು ಮನೆಯಲ್ಲಿ ಅಜ್ಜಿ ಬೆರಳು ಮಡಿಚುತ್ತಾ ಐದು ಜನ ಅಂದರು. ಬರೆದುಕೊಂಡು ಏಳೋ ಹೊತ್ತಿಗೆ ಒಳಗೆ ಕೂಸು ಅತ್ತಿತು. "ಇದ್ಯಾರಮ್ಮ?" ಅಂದೆ. "ಮೊಮ್ಮಗಳು ಸಾರ್. ಇನ್ನೂ ಹೆಸರೇ ಇಟ್ಟಿಲ್ಲ, ಅದನ್ನ್ಯಾಕೆ ಬರ್ಕಂತೀರಿ?" ಹೆಸರಿಲ್ಲದಿದ್ದರೂ ಬರೆಯಲೇಬೇಕು. ಮತ್ತೆ ಕೂತು ಆರನೆಯದಾಗಿ ಸೇರಿಸಿದೆ. ಕೂಸು ನಿದ್ದೆಯಲ್ಲಿದ್ದಿದ್ದರೆ ಐದೇ ಬರೆದು ಮುಂದಿನ ಮನೆಗೆ ಹೋಗಿಬಿಡ್ತಿದ್ದೆ.

ನಮ್ಮಲ್ಲಿ ಗ್ರಾಮ ಪಂಚಾಯ್ತಿಗೆ 400 ಜನಕ್ಕೊಬ್ಬ ಸದಸ್ಯ. ಪರಿಶಿಷ್ಟರ ಮೀಸಲು ಸ್ಥಾನಗಳೂ ಜನಸಂಖ್ಯೆ ನೋಡಿಯೇ ಗೊತ್ತಾಗೋದು. ಹಳ್ಳಿಗಳಲ್ಲಿ ಸುಮಾರು 1,000 ಜನಕ್ಕೊಬ್ಬ ಆಶಾ ಕಾರ್ಯಕರ್ತೆ. ದೊಡ್ಡ ಊರಲ್ಲಿ ನಾಲ್ಕು ತಲೆ ಬಿಟ್ಟುಹೋದರೆ ಗೊತ್ತಾಗಲ್ಲ. ತಾಂಡಾ, ಗೊಲ್ಲರಹಟ್ಟಿಗಳಲ್ಲಿ ಅಷ್ಟೇ ಸಾಕು, ಲೆಕ್ಕ ಗೆರೆಯಿಂದ ಕೆಳಗಿಳಿಯುತ್ತೆ.

ತಪ್ಪಿದ್ದು ಬೇಗ ಸರಿಹೋಗೋದೂ ಇಲ್ಲ. 2021ರ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯ್ತು. ಆಹಾರ ಭದ್ರತಾ ಕಾಯ್ದೆಯಲ್ಲಿ ರಾಜ್ಯಕ್ಕೆ ಎಷ್ಟು ಜನರ ರೇಷನ್ ಅನ್ನೋದು 2011ರ ಅಂಕಿ ಮೇಲೇ ನಿಂತಿದೆ. ದಾವಣಗೆರೆ ಜಿಲ್ಲೆಗೆ 19,45,497 ಜನ ಅಂತ ಈಗಲೂ ಅಚ್ಚು ಹಾಕ್ತಾರೆ. ಅದರಲ್ಲಿ 2018ರಲ್ಲೇ ಬಳ್ಳಾರಿಗೆ ಹೋದ ಹರಪನಹಳ್ಳಿಯೂ ಇದೆ! ಆವತ್ತು ಅತ್ತ ಕೂಸಿಗೆ ಈಗ ಹದಿನೈದು ದಾಟಿದೆ.

ನನಗೆ ಹೆಚ್ಚು ಸಂಕಟ ಗುಳೆ ಹೋದವರದು. ತಾಂಡಾದಲ್ಲಿ ಎಷ್ಟೋ ಮನೆಗಳಿಗೆ ಬೀಗ ಇತ್ತು, ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ ಅಂತ ಹೋಗಿದ್ದರು. ಗಣತಿಯ ದಿನಗಳಲ್ಲಿ ಸ್ವಲ್ಪ ದಿನವಾದರೂ ಊರಲ್ಲಿದ್ದವರನ್ನು ಊರಲ್ಲೇ ಬರೆದೆವು. ಪೂರ್ತಿ ಹೊರಗಿದ್ದವರನ್ನು ಅವರಿದ್ದಲ್ಲೇ ಬರೆಯಬೇಕಿತ್ತು. ಗುಡಿಸಲಲ್ಲಿದ್ದವರನ್ನು ಯಾರಾದರೂ ಹುಡುಕಿ ಬರೆದರೋ ಇಲ್ಲವೋ ಅನ್ನೋ ಚಿಂತೆ ನನಗೆ ಇವತ್ತಿಗೂ ಹೋಗಿಲ್ಲ.

ವಿವರ ಕೊಟ್ಟರೆ ಕಾರ್ಡ್ ಹೋಗುತ್ತೆ, ತೆರಿಗೆ ಬರುತ್ತೆ ಅನ್ನೋ ಭಯ ಬೇಡ. 1948ರ ಜನಗಣತಿ ಕಾಯ್ದೆ ಪ್ರಕಾರ ನಿಮ್ಮ ಮನೆಯ ವಿವರ ಗುಟ್ಟಾಗಿರಬೇಕು, ಹೊರಗೆ ಬಿಟ್ಟ ಗಣತಿದಾರನಿಗೆ ಶಿಕ್ಷೆಯಿದೆ.

ತಲೆ ಎಣಿಕೆ 2027ರ ಫೆಬ್ರುವರಿಗೆ. ಗುಳೆ ಹೋಗೋ ನೆಂಟರಿದ್ದರೆ ಈಗಲೇ ಫೋನ್ ಮಾಡಿ, ಇದ್ದ ಕಡೆ ಬರೆಸಿಕೊಳ್ಳಿ ಅಂತ ಹೇಳಿ. ಮನೆಯಲ್ಲಿ ತೊಟ್ಟಿಲ ಕೂಸಿದ್ದರೆ ಅದನ್ನೇ ಮೊದಲು ಬರೆಸಿ.