ಓದುಗರ ಪ್ರಶ್ನೆ: ಒಂಬತ್ತೇ ಗಂಟೆಯಲ್ಲಿ ಅಮೆರಿಕ?

ಪ್ರಶ್ನೆ: ಜನವರಿಯಲ್ಲಿ ಮಗಳ ಮನೆಗೆ, ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದೇವೆ. ದುಬೈನಲ್ಲಿ ವಿಮಾನ ಬದಲಿಸಬೇಕು. ಬೆಂಗಳೂರು ಬಿಡುವುದು ಸೋಮವಾರ ಬೆಳಗಿನ ಜಾವ 4.30ಕ್ಕೆ, ಅಲ್ಲಿ ಇಳಿಯುವುದು ಅದೇ ಸೋಮವಾರ ಮಧ್ಯಾಹ್ನ 1.30ಕ್ಕೆ ಎಂದು ಟಿಕೆಟ್‌ನಲ್ಲಿದೆ. ಇದು ಸರಿಯೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಸರಿಯೇ ಇದೆ. ಟಿಕೆಟ್‌ನಲ್ಲಿ ಅಚ್ಚಾಗುವುದು ಆಯಾ ಊರಿನ ಗಡಿಯಾರದ ಹೊತ್ತು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಸೋಮವಾರ ಮಧ್ಯಾಹ್ನ 1.30 ಆದಾಗ ದಾವಣಗೆರೆಯಲ್ಲಿ ಮಂಗಳವಾರ ನಸುಕಿನ 3 ಗಂಟೆ. ಅಂದರೆ ಒಟ್ಟು ಪ್ರಯಾಣ ಇಪ್ಪತ್ತೆರಡೂವರೆ ಗಂಟೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ವ್ಯತ್ಯಾಸ ಹನ್ನೆರಡೂವರೆ. ಬೇಸಿಗೆಯಲ್ಲಿ ವಾಪಸಾಗುವವರು ಎಡವುವುದು ಇಲ್ಲೇ.

ಹಾರಾಟದ ಹೊತ್ತನ್ನು ನೀವೇ ಅಂದಾಜು ಮಾಡಬಹುದು. ದೂರವನ್ನು 850ರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಕೂಡಿಸಿ. ಬೆಂಗಳೂರು–ದುಬೈ ಸುಮಾರು 2,700 ಕಿ.ಮೀ.; ಮೂರೂಮುಕ್ಕಾಲು ಗಂಟೆ. ದುಬೈ–ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,000 ಕಿ.ಮೀ.; ಹದಿನಾರು ಗಂಟೆಗೆ ತುಸು ಕಡಿಮೆ. ಉಳಿದ ಮೂರು ಗಂಟೆ ದುಬೈನಲ್ಲಿ ಕಾಯುವುದು.

ಬೆಂಗಳೂರಿನಿಂದ ನೇರ ದೂರ ಸುಮಾರು 13,990 ಕಿ.ಮೀ. ಅಷ್ಟೇ. ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟರೆ ಈ ಲೆಕ್ಕ ಸಿಗದು. ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಬಿಗಿಹಿಡಿದು ನೋಡಿ: ದಾರ ಉತ್ತರಕ್ಕೆ ಏರಿ, ಸೈಬೀರಿಯದಲ್ಲಿ 70 ಡಿಗ್ರಿ ಅಕ್ಷಾಂಶ ದಾಟಿ, ಅಲಾಸ್ಕದ ಕಡೆಯಿಂದ ಇಳಿಯುತ್ತದೆ. ವಿಮಾನ ಮಾತ್ರ ದಾರದ ಗೆರೆಯಲ್ಲೇ ಹೋಗುವುದಿಲ್ಲ. ಟಿಬೆಟ್‌ನ ಎತ್ತರದ ನೆಲ, ಮುಚ್ಚಿದ ವಾಯುಪ್ರದೇಶ, ಗಾಳಿ ನೋಡಿಕೊಂಡು ಸುತ್ತುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲೆಯೇ ಹಾದುಬಂತು. ಅದರ ಪೈಲಟ್‌ಗಳೆಲ್ಲ ಮಹಿಳೆಯರು.

ಪ್ರಶ್ನೆ: ಬೆಂಗಳೂರಿನಿಂದ ಲಂಡನ್‌ಗೆ ಹೋಗುವಾಗ ಹೆಚ್ಚು ಹೊತ್ತು, ಬರುವಾಗ ಕಡಿಮೆ. ದೂರ ಒಂದೇ ಅಲ್ಲವೇ?
– ಓದುಗರು, ಚಿತ್ರದುರ್ಗ

ಉತ್ತರ: ದೂರ ಒಂದೇ, ಸುಮಾರು 8,000 ಕಿ.ಮೀ. ಹತ್ತು ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹೋಗುವಾಗ ಅದು ಎದುರುಗಾಳಿ, ಬರುವಾಗ ಬೆನ್ನಿಗೆ. ಚಳಿಗಾಲದಲ್ಲಿ ಅದರ ಜೋರು ಹೆಚ್ಚು.

ಪ್ರಶ್ನೆ: ನಸುಕಿನ ವಿಮಾನಕ್ಕೆ ದಾವಣಗೆರೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು?
– ಓದುಗರು, ಹರಿಹರ

ಉತ್ತರ: 4.30ರ ವಿಮಾನವೆಂದರೆ 1.30ಕ್ಕೆ ಟರ್ಮಿನಲ್ 2ರ ಬಾಗಿಲಲ್ಲಿರಬೇಕು. ಅಂತರರಾಷ್ಟ್ರೀಯ ವಿಮಾನಗಳು ಅಲ್ಲಿಂದಲೇ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಕಾರಿನಲ್ಲಿ ಸುಮಾರು 270 ಕಿ.ಮೀ., ಊಟ, ಟೋಲ್ ಸೇರಿ ಐದೂವರೆ ಗಂಟೆ. ರಾತ್ರಿ ಎಂಟರೊಳಗೆ ದಾವಣಗೆರೆ ಬಿಡಿ. ಹರಿಹರದಿಂದ ಇನ್ನರ್ಧ ಗಂಟೆ ಮೊದಲು. ಬೆಂಗಳೂರು ನಗರಕ್ಕೆ ನುಗ್ಗಬೇಡಿ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ದಾರಿ ಹಿಡಿಯಿರಿ. ಇನ್ನೊಂದು: ಟಿಕೆಟ್‌ನಲ್ಲಿ ಸೋಮವಾರ 00.40 ಎಂದಿದ್ದರೆ ಮನೆ ಬಿಡಬೇಕಾದ್ದು ಭಾನುವಾರ ಮಧ್ಯಾಹ್ನ. ಸೋಮವಾರ ರಾತ್ರಿ ಎಂದುಕೊಂಡು ಹೋದರೆ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ.