ಸರ್ಫಿಂಗ್‌ಗೂ ಕೈಟ್‌ಸರ್ಫಿಂಗ್‌ಗೂ ಒಂದೇ ಬೋರ್ಡ್ ಸಾಕೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಾನು ತುಮಕೂರಿನವನು. ವಯಸ್ಸು 32, ತೂಕ 70 ಕಿಲೊ. ಮೂರು ವರ್ಷಗಳಿಂದ ವರ್ಷಕ್ಕೆ ಐದಾರು ಬಾರಿ ಮೂಲ್ಕಿಗೆ ಹೋಗಿ ಸರ್ಫಿಂಗ್ ಮಾಡುತ್ತಿದ್ದೇನೆ. ಒಡೆಯುವ ಮುನ್ನವೇ ಅಲೆಯನ್ನು ಹಿಡಿದು ನಿಲ್ಲಬಲ್ಲೆ, ಆದರೆ ತಿರುವು ಇನ್ನೂ ಕೈವಶವಾಗಿಲ್ಲ. ಕಳೆದ ವರ್ಷ ರಾಮೇಶ್ವರದಲ್ಲಿ ಕೈಟ್‌ಸರ್ಫಿಂಗ್ (ದೊಡ್ಡ ಗಾಳಿಪಟದ, ಅಂದರೆ ಕೈಟ್‌ನ ಎಳೆತದಿಂದ ಬೋರ್ಡ್ ಮೇಲೆ ಸಾಗುವುದು) ಕೂಡ ಕಲಿತೆ. ಎರಡು ಬೋರ್ಡ್ ಕೊಳ್ಳುವಷ್ಟು ಹಣವಾಗಲಿ, ಇಡುವಷ್ಟು ಜಾಗವಾಗಲಿ ನನ್ನಲ್ಲಿಲ್ಲ. ಪರಿಚಯದವರೊಬ್ಬರು 5 ಅಡಿ 8 ಅಂಗುಲ ಉದ್ದದ, 24 ಲೀಟರ್ ಗಾತ್ರದ, ಕಾಲುಪಟ್ಟಿಗಳಿರುವ ಹಳೆಯ ಕೈಟ್ ಸರ್ಫ್‌ಬೋರ್ಡನ್ನು ಕಡಿಮೆ ಬೆಲೆಗೆ ಕೊಡುವುದಾಗಿ ಹೇಳಿದ್ದಾರೆ. ಎರಡಕ್ಕೂ ಅದೇ ಸಾಕಾಗುತ್ತದೆಯೇ? ಬಿಡುವಿದ್ದಾಗ ನಮ್ಮೂರಿನ ಕೆರೆಯಲ್ಲೇ ಕೈಟ್ ಅಭ್ಯಾಸ ಮಾಡಬಹುದೇ?

ಉತ್ತರ: ನೀವು ತೂಕವನ್ನೂ ಬೋರ್ಡ್‌ನ ಲೀಟರ್ ಅಳತೆಯನ್ನೂ ಬರೆದು ಕಳಿಸಿದ್ದರಿಂದ ಉತ್ತರ ಸುಲಭವಾಯಿತು. ಆ ಬೋರ್ಡನ್ನು ಕೊಳ್ಳಬೇಡಿ. ಅದು ಕೆಟ್ಟ ಬೋರ್ಡ್ ಎಂದಲ್ಲ, ನಿಮ್ಮ ವರ್ಷದ ಹೆಚ್ಚಿನ ದಿನಗಳಿಗೆ ಅದು ಹೊಂದುವುದಿಲ್ಲ.

ಕೈಟ್ ಕಟ್ಟಿಕೊಂಡಾಗ ನಿಮ್ಮ ಭಾರದ ಒಂದು ಪಾಲನ್ನು ಗಾಳಿಯೇ ಹೊರುತ್ತದೆ, ವೇಗವನ್ನೂ ಅದೇ ಕೊಡುತ್ತದೆ. ಆದ್ದರಿಂದ ಬೋರ್ಡ್ ಚಿಕ್ಕದಾಗಿ, ತೆಳ್ಳಗಿದ್ದರೂ ನಡೆಯುತ್ತದೆ. ಸರ್ಫಿಂಗ್‌ನಲ್ಲಿ ಅಂಥ ನೆರವು ಯಾವುದೂ ಇಲ್ಲ. ಬೋರ್ಡ್ ಮೇಲೆ ಬೋರಲಾಗಿ ಮಲಗಿ, ಎರಡೂ ಕೈಗಳಿಂದ ನೀರನ್ನು ಹಿಂದಕ್ಕೆ ತಳ್ಳುತ್ತಾ ನೊರೆಯನ್ನು ದಾಟಿ, ಅಲೆ ಏಳುವ ಜಾಗವನ್ನು ನೀವೇ ತಲುಪಬೇಕು. ಅಲೆ ಬಂದಾಗ ಅದರ ವೇಗಕ್ಕೆ ಸಮನಾಗಿ ಮತ್ತೆ ಕೈ ಬೀಸಬೇಕು. ನುರಿತವರು ಕಿಲೊ ಲೆಕ್ಕದ ತಮ್ಮ ತೂಕದ ಶೇಕಡಾ 35ರಿಂದ 40ರಷ್ಟು ಲೀಟರ್ ಗಾತ್ರದ ಬೋರ್ಡ್‌ನಲ್ಲಿ ಇದನ್ನು ಸಾಧಿಸುತ್ತಾರೆ. ವರ್ಷಕ್ಕೆ ಐದಾರು ಬಾರಿ ಮಾತ್ರ ಸಮುದ್ರಕ್ಕಿಳಿಯುವವರಿಗೆ ಅರ್ಧದಷ್ಟಾದರೂ ಬೇಕು, ಅಂದರೆ ನಿಮಗೆ ಸುಮಾರು 35 ಲೀಟರ್. 24 ಲೀಟರ್‌ನ ಬೋರ್ಡ್ ನಿಮ್ಮ ಎದೆಯ ಭಾರಕ್ಕೆ ಅರ್ಧ ಮುಳುಗಿಕೊಂಡೇ ಸಾಗುತ್ತದೆ, ರಾತ್ರಿಯಿಡೀ ಪ್ರಯಾಣ ಮಾಡಿ ಬಂದ ತೋಳುಗಳು ಮೊದಲ ಅರ್ಧ ಗಂಟೆಯಲ್ಲೇ ಸೋಲುತ್ತವೆ, ಅಲೆಗಳು ನಿಮ್ಮ ಕೆಳಗಿನಿಂದ ಒಂದೊಂದಾಗಿ ಹಾದುಹೋಗುತ್ತವೆ.

ಆದ್ದರಿಂದ ಒಂದೇ ಬೋರ್ಡ್ ಎಂದು ನಿರ್ಧರಿಸಿದ್ದರೆ ಗಾತ್ರವನ್ನು ಸರ್ಫಿಂಗ್‌ಗೆ ತಕ್ಕಂತೆಯೂ ಗಟ್ಟಿತನವನ್ನು ಕೈಟ್‌ಗೆ ತಕ್ಕಂತೆಯೂ ಆರಿಸಿ. ನಿಮಗೆ 6 ಅಡಿಯಿಂದ 6 ಅಡಿ 4 ಅಂಗುಲದೊಳಗಿನ, 33ರಿಂದ 36 ಲೀಟರ್‌ನ, ಮೂಗು ಹೆಚ್ಚು ಮೇಲಕ್ಕೆ ಬಾಗಿರದ, ಮೂರು ಫಿನ್‌ಗಳ (ತಳದ ಹಿಂಭಾಗದಲ್ಲಿರುವ ರೆಕ್ಕೆಗಳ) ಬೋರ್ಡ್ ಸರಿಹೋಗುತ್ತದೆ. ತಳ ಚಪ್ಪಟೆಯಾಗಿದ್ದಷ್ಟೂ ಕೈ ಬೀಸಿದಾಗ ಬೋರ್ಡ್ ಚೆನ್ನಾಗಿ ಜಾರುತ್ತದೆ. ಕೈಟ್‌ನಲ್ಲಿ ಗಾಳಿಗೆ ಎದುರಾಗಿ ಓರೆಯಲ್ಲಿ ಸಾಗಲೂ ಅದೇ ಗುಣ ಬೇಕು. ಜೋರು ಗಾಳಿಯಲ್ಲಿ ಇಷ್ಟು ದಪ್ಪದ ಬೋರ್ಡ್ ಕಿರುಅಲೆಗಳ ಮೇಲೆ ಪುಟಿಯುತ್ತದೆ, ಅಂಚನ್ನು ನೀರಿಗೆ ಒತ್ತಿ ಹಿಡಿಯುವುದೂ ಕಷ್ಟ. ಆ ಕೊರತೆಯನ್ನು ಒಪ್ಪಿಕೊಳ್ಳಲೇಬೇಕು. ಗಾಳಿ 12–14 ನಾಟ್ (ಗಂಟೆಗೆ ಸುಮಾರು 22–26 ಕಿ.ಮೀ.) ಮಾತ್ರ ಇರುವ ದಿನ, ಚಿಕ್ಕ ಬೋರ್ಡ್‌ನವರು ದಡದಲ್ಲಿ ಕಾಯುತ್ತಿರುವಾಗ, ಇದೇ ದಪ್ಪ ನಿಮ್ಮನ್ನು ತೇಲಿಸಿಕೊಂಡು ಹೋಗುತ್ತದೆ.

ಗಟ್ಟಿತನದ ಮಾತನ್ನು ಸ್ವಂತ ಅನುಭವದಿಂದ ಹೇಳುತ್ತೇನೆ. ಪಾಲಿಯುರೆಥೇನ್ ಫೋಮ್‌ನ ತೆಳು ಹೊದಿಕೆಯ ಸರ್ಫ್‌ಬೋರ್ಡೊಂದನ್ನು ನಾನು ನಾಲ್ಕು ದಿನ ಕೈಟ್‌ಗೆ ಬಳಸಿದ್ದೆ. ಐದನೆಯ ದಿನ ಒರೆಸಲು ಕುಳಿತಾಗ ಹಿಂದಿನ ಕಾಲು ಊರುವ ಜಾಗದಲ್ಲಿ ಹಿಮ್ಮಡಿಯ ಆಕಾರದ ಎರಡು ತಗ್ಗುಗಳು ಕಂಡವು, ಹೆಬ್ಬೆರಳಿಟ್ಟರೆ ಉಗುರಿನ ಬುಡದವರೆಗೆ ಇಳಿಯುವಷ್ಟು. ಅದರಲ್ಲೊಂದರ ಅಂಚಿನಲ್ಲಿ ಕೂದಲೆಳೆಯಂಥ ಬಿರುಕಿತ್ತು, ಒಳಗಿನ ಫೋಮ್ ಆಗಲೇ ನೀರು ಕುಡಿದಿತ್ತು. ಕೈಟ್ ಎಳೆತವನ್ನು ತಡೆಯಲು ಹಿಮ್ಮಡಿಯ ಮೇಲೆ ನಾವು ಹಾಕುವ ಭಾರ, ಪ್ರತಿ ಜಿಗಿತದ ನಂತರ ಬೀಳುವ ಪೆಟ್ಟು, ಇವು ಮಾಮೂಲಿ ಸರ್ಫ್‌ಬೋರ್ಡ್‌ನ ಲೆಕ್ಕದಲ್ಲಿರುವುದಿಲ್ಲ. ಮೇಲ್ಮೈಗೆ ಹೆಚ್ಚುವರಿ ಗಾಜಿನ ನಾರಿನ ಪದರ ಕೊಟ್ಟ ಎಪಾಕ್ಸಿ (ಗಟ್ಟಿ ರಾಳದ ಹೊದಿಕೆಯ) ಬೋರ್ಡನ್ನೇ ಕೇಳಿ. ಅರ್ಧ ಕಿಲೊ ತೂಕ ಹೆಚ್ಚಿದರೂ ಚಿಂತೆಯಿಲ್ಲ.

ಕಾಲುಪಟ್ಟಿಗಳು ಬೇಡ. ಮಲಗಿ ಕೈ ಬೀಸುವಾಗ ಅವು ಎದೆಗೂ ಹೊಟ್ಟೆಗೂ ಒತ್ತುತ್ತವೆ. ಮೇಲ್ಮೈ ಪೂರ್ತಿ ಸ್ಪಂಜಿನ ಹಾಸು ಅಂಟಿಸಿದ ಬೋರ್ಡ್ ಕೂಡ ಚರ್ಮವನ್ನು ಉಜ್ಜಿ ಕೆಂಪಾಗಿಸುತ್ತದೆ. ಹಿಂದಿನ ಕಾಲಿಗೆ ಮಾತ್ರ ಹಾಸು, ಉಳಿದ ಕಡೆ ಕಾಲು ಜಾರದಂತೆ ಹಚ್ಚುವ ವ್ಯಾಕ್ಸ್ (ಮೇಣ) ಇದ್ದರೆ ಸಾಕು.

ಇನ್ನೊಂದು ವಿಷಯವನ್ನು ದಯವಿಟ್ಟು ಮರೆಯದಿರಿ. ಸರ್ಫಿಂಗ್‌ನಲ್ಲಿ ಕಾಲಿಗೆ ಲೀಶ್ (ಬೋರ್ಡನ್ನು ಕಾಲಿಗೆ ಜೋಡಿಸುವ ಹಗ್ಗ) ಕಟ್ಟಲೇಬೇಕು, ಇಲ್ಲವಾದರೆ ಕೈತಪ್ಪಿದ ಬೋರ್ಡ್ ದಡದ ಬಳಿ ಆಡುವ ಮಕ್ಕಳಿಗೆ ಬಡಿಯಬಹುದು. ಅದೇ ಬೋರ್ಡನ್ನು ಕೈಟ್‌ಗೆ ಒಯ್ಯುವಾಗ ಲೀಶನ್ನು ಬಿಚ್ಚಿಡಿ. ಬಿದ್ದ ಮೇಲೂ ಕೈಟ್ ನಿಮ್ಮನ್ನು ಎಳೆಯುತ್ತಿದ್ದರೆ ಲೀಶ್ ಬಿಗಿದು, ಬೋರ್ಡ್ ಹಿಂದಿನಿಂದ ಚಿಮ್ಮಿ ನೇರವಾಗಿ ತಲೆಗೆ ಬರುತ್ತದೆ. ಬೋರ್ಡ್ ಕೈತಪ್ಪಿದಾಗ ಕೈಟ್‌ನ ಎಳೆತದಲ್ಲೇ ನೀರಿನಲ್ಲಿ ಮೈ ಓರೆಮಾಡಿ ಅದರ ಬಳಿಗೆ ಮರಳುವುದನ್ನು ನಿಮಗೆ ತರಬೇತಿಯ ಆರಂಭದಲ್ಲೇ ಕಲಿಸಿರುತ್ತಾರೆ. ಹೊಸ ಬೋರ್ಡ್ ಹಿಡಿಯುವ ಮುನ್ನ ಅದನ್ನು ಚೆನ್ನಾಗಿ ರೂಢಿಸಿಕೊಳ್ಳಿ.

ರಾಮೇಶ್ವರದಲ್ಲಿ ನೀವು ಕಲಿತ ಆಳವಿಲ್ಲದ, ಸಮತಟ್ಟಾದ ನೀರಿಗೆ ಎರಡೂ ತುದಿ ಒಂದೇ ರೀತಿಯಿರುವ ಟ್ವಿನ್‌ಟಿಪ್ ಬೋರ್ಡೇ ಹೆಚ್ಚು ಅನುಕೂಲ, ಮತ್ತು ಅದು ಬಾಡಿಗೆಗೂ ಸಿಗುತ್ತದೆ. ಸರ್ಫ್‌ಬೋರ್ಡ್‌ಗೆ ಮುಂದು ಹಿಂದು ಬೇರೆ ಬೇರೆಯಾದ್ದರಿಂದ ದಿಕ್ಕು ಬದಲಿಸಿದಾಗಲೆಲ್ಲ ಕಾಲು ಬದಲಿಸಬೇಕು, ಅದನ್ನು ಹೊಸದಾಗಿ ಕಲಿಯಬೇಕು. ವರ್ಷಕ್ಕೊಮ್ಮೆ ಮಾತ್ರ ರಾಮೇಶ್ವರಕ್ಕೆ ಹೋಗುವುದಾದರೆ ಅಲ್ಲಿ ಬಾಡಿಗೆ ಬೋರ್ಡ್ ಹಿಡಿದು, ನಿಮ್ಮ ಹಣವನ್ನೆಲ್ಲ ಒಂದು ಒಳ್ಳೆಯ ಸರ್ಫ್‌ಬೋರ್ಡ್‌ಗೆ ಹಾಕಿ ಎಂದೇ ನನ್ನ ಸಲಹೆ.

ಕೆರೆಯಲ್ಲಿ ಕೈಟ್ ಖಂಡಿತ ಬೇಡ. ಆಷಾಢದಲ್ಲಿ ನಮ್ಮಲ್ಲಿ ಗಾಳಿ ಬಲವಾಗಿ ಬೀಸುತ್ತದೆ, ಮಕ್ಕಳ ಗಾಳಿಪಟಗಳು ಏರುವುದನ್ನು ನೋಡಿದರೆ ಆಸೆಯಾಗುವುದೂ ಸಹಜ. ಆದರೆ ಮರ, ಕಟ್ಟಡ, ಗುಡ್ಡಗಳನ್ನು ಹಾದು ಬರುವ ಆ ಗಾಳಿ ಒಮ್ಮೆ ಸತ್ತು ಮರುಕ್ಷಣವೇ ನುಗ್ಗುತ್ತದೆ. ಕೈಟ್‌ನ ದಾರಗಳೇ 20 ಮೀಟರ್‌ಗಿಂತ ಉದ್ದವಿರುತ್ತವೆ, ಏರಿಯ ಪಕ್ಕದಲ್ಲಿ ವಿದ್ಯುತ್ ತಂತಿ ಹಾದಿರುತ್ತದೆ, ಕೆರೆಯ ತಳದ ಹೂಳಿನಲ್ಲಿ ಕಾಲು ಹೂತರೆ ಎತ್ತುವವರಿರುವುದಿಲ್ಲ. ಅದೇ ಆಷಾಢದ ಆಸುಪಾಸಿನಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ, ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುತ್ತದೆ. ಸಮುದ್ರ ಪ್ರಕ್ಷುಬ್ಧವಾಗಿರುವ ಆ 61 ದಿನಗಳಲ್ಲಿ ಮೂಲ್ಕಿಗೂ ಹೋಗದೆ, ಈಜುಕೊಳದಲ್ಲಿ ತೋಳುಗಳ ಬಲ ಬೆಳೆಸಿಕೊಳ್ಳಿ.

ಪ್ರಶ್ನೆ: ತಿಪಟೂರಿನಲ್ಲಿ ನಮ್ಮ ಮನೆಗೆ ತಗಡಿನ ಚಾವಣಿಯ ಕೋಣೆಯೊಂದಿದೆ. ಎಪಾಕ್ಸಿ ಬೋರ್ಡನ್ನು ಅಲ್ಲಿಡಬಹುದೇ? ಮಂಗಳೂರಿನಿಂದ ಕಾರಿನ ಮೇಲೆ ಕಟ್ಟಿ ತರುವಾಗ ಏನು ಎಚ್ಚರ ವಹಿಸಬೇಕು?

ಉತ್ತರ: ತಗಡಿನ ಕೋಣೆ ಬೇಡ. ಬೇಸಿಗೆಯ ಮಧ್ಯಾಹ್ನ ಅಲ್ಲಿನ ಶಾಖಕ್ಕೆ ಒಳಗಿನ ಗಾಳಿ ಹಿಗ್ಗಿ, ಹೊದಿಕೆ ಫೋಮ್‌ನಿಂದ ಬಿಟ್ಟುಕೊಂಡು ಹಪ್ಪಳದಂತೆ ಉಬ್ಬುತ್ತದೆ. ಹಾಗೆ ಬಿಟ್ಟುಕೊಂಡದ್ದು ಮತ್ತೆ ತಾನಾಗಿ ಅಂಟುವುದಿಲ್ಲ. ಮಲಗುವ ಕೋಣೆಯ ಮಂಚದ ಕೆಳಗೆ, ಹಳೆಯ ಹತ್ತಿ ಬಟ್ಟೆ ಸುತ್ತಿ ಇಡಿ. ದಾರಿಯಲ್ಲಿ ಊಟಕ್ಕೆ ನಿಂತಾಗಲೂ ಕಾರನ್ನು ನೆರಳಿನಲ್ಲೇ ನಿಲ್ಲಿಸಿ.

ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಸಮುದ್ರಮಟ್ಟದಿಂದ ಘಾಟಿ ಹತ್ತಿ 800 ಮೀಟರ್ ಎತ್ತರದ ನಮ್ಮ ಬಯಲಿಗೆ ಬರುವಷ್ಟರಲ್ಲಿ ಹೊರಗಿನ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲಿನಷ್ಟು ಇಳಿದಿರುತ್ತದೆ, ಬೋರ್ಡ್‌ನೊಳಗೆ ಮುಚ್ಚಿಕೊಂಡ ಗಾಳಿ ಹೊರಬರಲು ಒತ್ತುತ್ತಿರುತ್ತದೆ. ಇದಕ್ಕಾಗಿಯೇ ಹಲವು ಎಪಾಕ್ಸಿ ಬೋರ್ಡ್‌ಗಳ ಮೇಲ್ಮೈಯಲ್ಲಿ ಚಿಕ್ಕ ಗಾಳಿತಿರುಪು ಇರುತ್ತದೆ. ಕೆಲವು ತಾವೇ ಗಾಳಿ ಬಿಡುತ್ತವೆ, ಕೆಲವನ್ನು ಕೈಯಿಂದ ಸಡಿಲಿಸಬೇಕು. ನಿಮ್ಮದು ಎರಡನೆಯ ಬಗೆಯದಾದರೆ ಹೊರಡುವ ಮುನ್ನ ಸಡಿಲಿಸಿ, ಸಡಿಲಿಸಿದ ಕೂಡಲೇ ಲೀಶ್‌ಗೆ ಒಂದು ಕೆಂಪು ದಾರ ಕಟ್ಟಿ. ಮುಂದಿನ ಸಲ ನೀರಿಗಿಳಿಯುವಾಗ ಆ ದಾರ ಕಣ್ಣಿಗೆ ಬಿದ್ದರೆ ಮೊದಲು ತಿರುಪನ್ನು ಬಿಗಿಮಾಡಿ, ಆಮೇಲೆ ದಾರ ಬಿಚ್ಚಿ.